ಕಂಪನಿಗಳು ಒಂದೇ ಡಿಜಿಟಲ್ ಏಜೆನ್ಸಿಯೊಂದಿಗೆ ವರ್ಷಗಟ್ಟಲೆ ಮುಂದುವರಿಯುವುದೇಕೆ?

ಮುಖ್ಯ ಕಾರಣವೆಂದರೆ, ಏಜೆನ್ಸಿ ಬದಲಾದಾಗಲೆಲ್ಲ ಕಂಪನಿಯು ತನ್ನ ವ್ಯವಹಾರವನ್ನು ಹೊಸಬರಿಗೆ ಮೊದಲಿನಿಂದ ಕಲಿಸಬೇಕಾಗುತ್ತದೆ, ಆ ಕಲಿಕೆಯ ವೆಚ್ಚವನ್ನೂ ತಾನೇ ಭರಿಸಬೇಕಾಗುತ್ತದೆ. ಯಾವ ಗ್ರಾಹಕರು ಯಾವ ಜಾಹೀರಾತಿಗೆ ಸ್ಪಂದಿಸುತ್ತಾರೆ, ಹಿಂದೆ ಯಾವ ಪ್ರಯೋಗ ಏಕೆ ಸೋತಿತು, ಜಾಲತಾಣದ ಯಾವ ಭಾಗವನ್ನು ಮುಟ್ಟಿದರೆ ಇನ್ನೆಲ್ಲಿ ತೊಂದರೆಯಾಗುತ್ತದೆ ಎಂಬಂಥ ತಿಳಿವಳಿಕೆ ಜೊತೆಯಲ್ಲಿ ಕೆಲಸ ಮಾಡುತ್ತ ಮಾಡುತ್ತಲೇ ಕೂಡಿಬರುತ್ತದೆ. ಹಸ್ತಾಂತರಿಸುವ ಕಡತಗಳಲ್ಲಿ ಅದರ ಅಲ್ಪ ಪಾಲು ಮಾತ್ರ ದಾಖಲಾಗಿರುತ್ತದೆ. ಇದಲ್ಲದೆ, ಹುಡುಕಾಟದ ಫಲಿತಾಂಶಗಳಲ್ಲಿ ಮೇಲೇರುವ ಕೆಲಸಕ್ಕೆ ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕೆಂದು ಗೂಗಲ್ ಸಂಸ್ಥೆಯೇ ಹೇಳುತ್ತದೆ, ಆದ್ದರಿಂದ ಅಲ್ಪಾವಧಿಯ ಒಪ್ಪಂದವು ಫಲ ಕಾಣುವ ಮೊದಲೇ ಮುಗಿದಿರುತ್ತದೆ. ಆದರೆ ಜಾಹೀರಾತು ಖಾತೆಗಳು ಮತ್ತು ಡೊಮೈನ್ (ಜಾಲತಾಣದ ವಿಳಾಸ) ಕಂಪನಿಯ ಹೆಸರಿನಲ್ಲೇ ಇರಬೇಕು. ಅವು ಏಜೆನ್ಸಿಯ ಹಿಡಿತದಲ್ಲಿದ್ದರೆ, ಬಿಟ್ಟುಬರಲಾಗದ ಇಕ್ಕಟ್ಟೇ ಪಾಲುದಾರಿಕೆಯಂತೆ ತೋರಬಹುದು.