ಅಮೆರಿಕದ ಜರ್ಮನ್ ಮೂಲದವರು ತಮ್ಮ ಭಾಷೆ, ಆಚರಣೆ ಉಳಿಸಿಕೊಂಡಿದ್ದಾರಾ?

ಊಟ, ಹಬ್ಬ ಉಳಿದಿವೆ. ಭಾಷೆ ಮಾತ್ರ ಹೆಚ್ಚುಕಡಿಮೆ ಕೈತಪ್ಪಿದೆ.

ಟೆಕ್ಸಾಸನ್ನೇ ನೋಡಿ. ಅಲ್ಲಿನ ಫ್ರೆಡರಿಕ್ಸ್‌ಬರ್ಗ್ ಊರನ್ನು 1846ರಲ್ಲಿ ಜರ್ಮನ್ ವಲಸಿಗರು ಕಟ್ಟಿದರು. ದೂರದ ಹೊಲಗಳಲ್ಲಿದ್ದವರು ಪೇಟೆಯಲ್ಲೂ ಒಂದು ಪುಟ್ಟ ಮನೆ ಮಾಡಿಕೊಳ್ಳುತ್ತಿದ್ದರು. ಶನಿವಾರ ಗಾಡಿ ಕಟ್ಟಿಕೊಂಡು ಬಂದು, ವ್ಯಾಪಾರ ಮುಗಿಸಿ, ರಾತ್ರಿ ಅಲ್ಲೇ ಮಲಗಿ, ಭಾನುವಾರ ಚರ್ಚಿಗೆ ಹೋಗಿ ವಾಪಸ್. ಅದಕ್ಕೇ ಅವಕ್ಕೆ 'ಸಂಡೇ ಹೌಸ್' ಅಂತ ಹೆಸರು. ಕೆಲವು ಇಂದಿಗೂ ನಿಂತಿವೆ. ಅದೇ ಟೆಕ್ಸಾಸಿನ ನ್ಯೂ ಬ್ರಾನ್‌ಫೆಲ್ಸ್ ಊರಲ್ಲಿ ಪ್ರತಿ ನವೆಂಬರ್‌ನಲ್ಲಿ 'ವುರ್ಸ್ಟ್‌ಫೆಸ್ಟ್' ನಡೆಯುತ್ತದೆ. ಸಾಸೇಜಿನ ಜಾತ್ರೆ ಅನ್ನಿ. ಶುರುವಾಗಿದ್ದು 1961ರಲ್ಲಿ, ಅಂದರೆ ಅಂಥ ಹಳೆಯದೇನಲ್ಲ.

ಇಲ್ಲಿನ ಜರ್ಮನ್ ಭಾಷೆಗೂ ಟೆಕ್ಸಾಸಿನ ಮಣ್ಣು ಅಂಟಿತ್ತು. ದುರ್ವಾಸನೆ ಬಿಡುವ ಸ್ಕಂಕ್ ಎಂಬ ಪ್ರಾಣಿಯನ್ನು ಇವರು 'ಶ್ಟಿಂಕ್‌ಕಾಟ್ಸೆ' ಎಂದರು. ನಾರುವ ಬೆಕ್ಕು! ಚೆನ್ನಾಗಿದೆ ಅಲ್ವಾ?

ಆದರೆ ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಾತಾಡಿದರೇ ಅನುಮಾನ. ನೆಬ್ರಾಸ್ಕ ರಾಜ್ಯದಲ್ಲಂತೂ 1919ರಲ್ಲಿ ಚಿಕ್ಕ ಮಕ್ಕಳಿಗೆ ಶಾಲೆಯಲ್ಲಿ ಪರಭಾಷೆ ಕಲಿಸುವುದೇ ಅಪರಾಧವಾಯಿತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಇಂಗ್ಲಿಷಿಗೆ ಹೊರಳಿದ್ದವು. ಈಗ ಟೆಕ್ಸಾಸ್ ಜರ್ಮನ್ ಆಡುವವರು ಬಹುತೇಕ ವಯಸ್ಸಾದವರೇ.

ಇದಕ್ಕೆ ಹೊರತಾದವರು ಆಮಿಶ್ ಜನ, ಅಂದರೆ ಹಳೆಯ ರೀತಿಯಲ್ಲೇ ಸರಳವಾಗಿ ಬದುಕುವ ಒಂದು ಕ್ರೈಸ್ತ ಪಂಗಡದವರು. ಅವರಲ್ಲಿ ಹೆಚ್ಚಿನವರು ಇಂದಿಗೂ ಮಕ್ಕಳೊಂದಿಗೆ 'ಪೆನ್ಸಿಲ್ವೇನಿಯಾ ಡಚ್' ಆಡುತ್ತಾರೆ. ಹೆಸರಲ್ಲಿ ಡಚ್ ಇದ್ದರೂ ಅದು ಜರ್ಮನ್ನಿನದೇ ಒಂದು ಬಗೆ.