ಅಪ್ಪ ಅಮ್ಮನ ಜೊತೆ ಅಲಾಸ್ಕಾ ಕ್ರೂಸ್‌ಗೆ ದೊಡ್ಡ ಹಡಗು ಒಳ್ಳೆಯದೋ, ಸಣ್ಣದೋ?

ಸಿಯಾಟಲ್‌ನಿಂದ ಹೊರಡುವ ನಾಲ್ಕು ಸಾವಿರ ಜನರ ಹಡಗೋ, ಅರವತ್ತು ಎಪ್ಪತ್ತು ಜನರ ಸಣ್ಣ ಹಡಗೋ ಅಂತ ಕೇಳಿದ್ದೀರಿ. ಊರಿಂದ ಅಪ್ಪ ಅಮ್ಮ ಬೇಸಿಗೆಗೆ ಬರುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಅವರ ಪಾಸ್‌ಪೋರ್ಟ್‌ನಲ್ಲಿ ಕೆನಡಾ ವೀಸಾ ಇದೆಯಾ? ಮೊದಲು ಅದನ್ನು ಹೇಳಿ. ಇಲ್ಲದಿದ್ದರೆ ಹಡಗಿನ ಗಾತ್ರದ ಮಾತೆಲ್ಲ ಆಮೇಲೆ.

ನಮ್ಮ ಮನೆಯಲ್ಲೂ ಇದೇ ಚರ್ಚೆ ವಾರಗಟ್ಟಲೆ ನಡೆದಿತ್ತು. ಅಪ್ಪನಿಗೆ ದೊಡ್ಡ ಹಡಗೇ ಆಗಬೇಕು. "ದೋಣೀಲಿ ಹೋಗೋಕೆ ಅಮೆರಿಕಕ್ಕೆ ಯಾಕಮ್ಮ ಬರ್ಬೇಕು? ಸಿಗಂದೂರಿಗೆ ಲಾಂಚ್‌ನಲ್ಲಿ ಎಷ್ಟು ಸಲ ಹೋಗಿಲ್ಲ ನಾವು" ಅಂದರು. ನನ್ನ ಗಂಡ ಸಣ್ಣ ಹಡಗಿನ ಪಕ್ಷ. ಅಮ್ಮನಿಗೆ ಊಟದ ಚಿಂತೆ. ನಾನು ಎಕ್ಸೆಲ್ ಶೀಟ್ ಮಾಡಿಕೊಂಡು ಕೂತೆ. ಲಿಫ್ಟ್ ಎಷ್ಟು, ಕ್ಯಾಬಿನ್ ಎಷ್ಟು ಚದರಡಿ, ಬಫೆ ಎಷ್ಟು ಗಂಟೆವರೆಗೆ, ಈಜುಕೊಳಕ್ಕೆ ಮೇಲ್ಛಾವಣಿ ಇದೆಯಾ, ಎಲ್ಲಕ್ಕೂ ಒಂದೊಂದು ಕಾಲಂ. ಬೆಂಗಳೂರಿನಲ್ಲಿರುವ ತಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಕೂತು ಒಂದೊಂದು ಕಾಲಂಗೂ ಮಾರ್ಕ್ಸ್ ಹಾಕುತ್ತಿದ್ದ. ಕೊನೆಗೆ ದೊಡ್ಡ ಹಡಗು ಗೆದ್ದಿತು. ಬುಕ್ ಮಾಡಿದೆವು.

ಆ ಶೀಟಿನಲ್ಲಿ ಇಲ್ಲದ ಕಾಲಂ ಒಂದೇ, ಹಡಗು ಯಾವ ಯಾವ ಬಂದರಿನಲ್ಲಿ ನಿಲ್ಲುತ್ತದೆ ಅನ್ನುವುದು. ಅಲಾಸ್ಕಾದ ಜೂನೋ, ಸ್ಕಾಗ್ವೇ, ಕೆಚಿಕನ್ ಆದಮೇಲೆ ಕೊನೆಯ ಸಂಜೆ ಕೆಲವು ಗಂಟೆ ವಿಕ್ಟೋರಿಯಾ ಅಂತ ಬರೆದಿತ್ತು. ವಿಕ್ಟೋರಿಯಾ ಕೆನಡಾದಲ್ಲಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಲಿಲ್ಲ. ಯಾಕೆ ಅಂದರೆ ನಾನೂ ಗಂಡನೂ ಲಾಂಗ್ ವೀಕೆಂಡ್‌ಗೆ ಕಾರಿನಲ್ಲಿ ವ್ಯಾಂಕೂವರ್‌ಗೆ ಹೋಗಿ ಬರುವುದಕ್ಕೆ ಅಂತ ಮೊದಲೇ ಕೆನಡಾ ವೀಸಾ ಮಾಡಿಸಿಕೊಂಡಿದ್ದೆವು. ಮಗ ಇಲ್ಲೇ ಹುಟ್ಟಿದವನು, ಅಮೆರಿಕದ ಪಾಸ್‌ಪೋರ್ಟ್. ನಮ್ಮ ಮೂವರ ಮಟ್ಟಿಗೆ ಕೆನಡಾ ಅಂದರೆ ಪಕ್ಕದ ಬೀದಿ. ಅಪ್ಪ ಅಮ್ಮನಿಗೆ ಹತ್ತು ವರ್ಷದ ಅಮೆರಿಕ ವೀಸಾ ಇತ್ತು, ಅಲಾಸ್ಕಾ ಅಮೆರಿಕದ್ದೇ ರಾಜ್ಯ, ಹೊರಡುವುದು ಸಿಯಾಟಲ್, ಬಂದು ಇಳಿಯುವುದು ಸಿಯಾಟಲ್. ಇದರಲ್ಲಿ ಕೇಳುವುದೇನಿದೆ ಅಂತ ಅಂದುಕೊಂಡಿದ್ದೆವು. ಆನ್‌ಲೈನ್ ಚೆಕ್-ಇನ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದೆ, ಫೋಟೋ ಹಾಕಿದೆ, "ಬೇಕಾದ ದಾಖಲೆಗಳೆಲ್ಲ ಇವೆ" ಅನ್ನುವ ಚೌಕಕ್ಕೆ ಟಿಕ್ ಕೊಟ್ಟೆ. ಐದೂ ಜನಕ್ಕೆ ಪಟಪಟ ಟಿಕ್.

ಸಿಯಾಟಲ್ ಬಂದರಿನ ಪಿಯರ್ 91ರಲ್ಲಿ ಟ್ಯಾಕ್ಸಿ ಇಳಿದ ತಕ್ಷಣ ದೊಡ್ಡ ಬ್ಯಾಗುಗಳನ್ನು ಪೋರ್ಟರ್ ತೆಗೆದುಕೊಂಡು ಹೋದ. ಸಾಲಿನಲ್ಲಿ ನಿಂತೆವು. ಕೌಂಟರಿನ ಹುಡುಗಿ ನಮ್ಮ ಪಾಸ್‌ಪೋರ್ಟ್ ನೋಡಿ ನಕ್ಕಳು. ಅಪ್ಪನದನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಒಂದು ಸಲ ತಿರುವಿದಳು. ಮತ್ತೆ ಕೊನೆಯಿಂದ ಮೊದಲಿಗೆ. ಆಮೇಲೆ ಮೇಲಿನವರನ್ನು ಕರೆದಳು. ಅಪ್ಪ ನನ್ನ ಕಿವಿಯಲ್ಲಿ "ನಾವೇನು ಕೆನಡಾಗೆ ಹೋಗ್ತಿದೀವಾ?" ಅಂದರು. ಹೋಗುತ್ತಿದ್ದೆವು, ಪಾಪ, ಅವರಿಗೆ ಹೇಳಿದವರು ಯಾರು. "ನಾವು ವಿಕ್ಟೋರಿಯಾದಲ್ಲಿ ಇಳಿಯೋದೇ ಇಲ್ಲ, ರೂಮಿನಲ್ಲೇ ಇರ್ತೀವಿ" ಅಂತ ನಾನು ಬೇಡಿಕೊಂಡೆ. ಆಗುವುದಿಲ್ಲ ಅಂದರು. ನೀವು ಇಳಿದರೂ ಇಳಿಯದಿದ್ದರೂ, ಹಡಗು ಅಲ್ಲಿಗೆ ಹೋಗುತ್ತದೆ ಅಂದಮೇಲೆ ಅದರಲ್ಲಿರುವವರ ಹತ್ತಿರ ಕಾಗದ ಇರಬೇಕು. ಇಲ್ಲದಿದ್ದರೆ ಹತ್ತಿಸುವುದಿಲ್ಲ.

"ನೀವು ಮೂರು ಜನ ಹೋಗಿ ಬನ್ನಿ, ನಾವು ಮನೇಲಿರ್ತೀವಿ" ಅಂತ ಅಮ್ಮ ಹೇಳಿದರು. ಯಾರು ಹೋಗುತ್ತಾರೆ ಹೇಳಿ. ಎಲ್ಲರೂ ವಾಪಸ್ ಬಂದೆವು. ಅದಕ್ಕೂ ಮೊದಲು ಬ್ಯಾಗ್ ವಾಪಸ್ ಬರುವವರೆಗೆ ಕಾಯಬೇಕಾಯಿತು. ಅಪ್ಪನ ಬಿಪಿ ಮಾತ್ರೆ ಅದರೊಳಗಿತ್ತು. ದುಡ್ಡಿನಲ್ಲಿ ಬಂದರಿನ ತೆರಿಗೆ, ಶುಲ್ಕ ಮಾತ್ರ ವಾಪಸ್ ಸಿಕ್ಕಿತು, ಉಳಿದದ್ದೆಲ್ಲ ಹೋಯಿತು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೆ. ದಾಖಲೆ ಇಲ್ಲದ್ದಕ್ಕೆ ಪ್ರಯಾಣ ತಪ್ಪಿದರೆ ಅದು ಅನ್ವಯಿಸುವುದಿಲ್ಲವಂತೆ.

ಇದು ಯಾಕೆ ಹೀಗೆ ಅಂತ ಆಮೇಲೆ ಕೂತು ಓದಿದೆ. ನೀವೂ ತಿಳಿದುಕೊಳ್ಳಿ, ಯಾಕೆಂದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದರಲ್ಲಿದೆ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಬೇರೆ ದೇಶದ ಧ್ವಜ ಹಾರಿಸುವ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದ್ದೇ ಇನ್ನೊಂದು ಬಂದರಿನಲ್ಲಿ ಇಳಿಸುವ ಹಾಗಿಲ್ಲ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವುದಾದರೆ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾ ಇಂಥ ಕಡೆ ನೋಂದಣಿ ಆಗಿರುತ್ತವೆ. ಅದಕ್ಕೇ ಕೊನೆಯ ಸಂಜೆ ಹೊತ್ತು ಮುಳುಗುವ ಸಮಯಕ್ಕೆ ವಿಕ್ಟೋರಿಯಾದಲ್ಲಿ ನಿಲ್ಲಿಸುವುದು. ಊರು ತೋರಿಸುವುದಕ್ಕಿಂತ ಜಾಸ್ತಿ ಅದು ಕಾನೂನಿಗೆ ಹಾಕುವ ಹಾಜರಿ. 2021ರಲ್ಲಿ ಕೋವಿಡ್‌ನಿಂದ ಕೆನಡಾ ತನ್ನ ಬಂದರುಗಳನ್ನು ಕ್ರೂಸ್ ಹಡಗುಗಳಿಗೆ ಮುಚ್ಚಿದಾಗ, ಅಲಾಸ್ಕಾ ಹಡಗುಗಳು ಹೊರಡಲಿ ಅಂತ ಅಮೆರಿಕದ ಸಂಸತ್ತೇ ತಾತ್ಕಾಲಿಕವಾಗಿ ಬೇರೆ ಕಾನೂನು ಮಾಡಬೇಕಾಯಿತು. ಅಷ್ಟು ಗಟ್ಟಿ ಈ ನಿಯಮ.

ಈಗ ಸಣ್ಣ ಹಡಗಿಗೆ ಬನ್ನಿ. ಜೂನೋ, ಸಿಟ್ಕಾ, ಕೆಚಿಕನ್ ನಡುವೆ ಓಡಾಡುವ ಅರವತ್ತು, ಎಂಬತ್ತು, ನೂರು ಜನರ ಹಡಗುಗಳು ಅನೇಕ ಅಮೆರಿಕದ್ದೇ ಧ್ವಜದವು. ಅವಕ್ಕೆ ಕೆನಡಾ ಮುಟ್ಟುವ ಹಂಗಿಲ್ಲ. ಜೂನೋಗೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗು ಹತ್ತಿ, ಅಲಾಸ್ಕಾದಲ್ಲೇ ಇಳಿದರೆ ಕೆನಡಾ ವೀಸಾದ ಪ್ರಶ್ನೆಯೇ ಇಲ್ಲ. ಅಂದರೆ ದೊಡ್ಡದೋ ಸಣ್ಣದೋ ಅನ್ನುವುದು ಸೌಕರ್ಯದ ಪ್ರಶ್ನೆ ಆಗುವ ಮೊದಲೇ ಕಾಗದದ ಪ್ರಶ್ನೆ. ನಾನು ಲಿಫ್ಟ್ ಎಣಿಸುತ್ತಾ ಕೂತಿದ್ದೆ.

ಮುಂದಿನ ಸಲ ಅವರು ಬಂದಾಗ ಮೊದಲು ಕೆನಡಾ ವೀಸಾ ಮಾಡಿಸಿದೆವು. ಅಮೆರಿಕದಲ್ಲಿ ಇದ್ದುಕೊಂಡೇ ಅರ್ಜಿ ಹಾಕಬಹುದು, ಬೆರಳಚ್ಚು ಇಲ್ಲಿನ ಕೇಂದ್ರಗಳಲ್ಲೇ ಕೊಡಬಹುದು. ಊರಲ್ಲೇ ಮುಗಿಸಿಕೊಂಡು ಬಂದರೆ ಇನ್ನೂ ನೆಮ್ಮದಿ. ವೀಸಾ ಕೈಗೆ ಬಂದಮೇಲೆ ಸಿಯಾಟಲ್ ಬಿಟ್ಟು ವ್ಯಾಂಕೂವರ್‌ನಿಂದಲೇ ಹೊರಟೆವು, ಎರಡು ಸಾವಿರ ಜನರೂ ಹಿಡಿಯದ ಮಧ್ಯಮ ಹಡಗಿನಲ್ಲಿ. ಇದು ನನ್ನ ಜೀವನದ ಒಳ್ಳೆಯ ನಿರ್ಧಾರಗಳಲ್ಲಿ ಒಂದು. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಬಯಲು ಸಮುದ್ರದಲ್ಲಿ ಹೋಗುತ್ತವೆ. ಅಲ್ಲಿ ಅಲೆ ಜಾಸ್ತಿ. ವ್ಯಾಂಕೂವರ್‌ನಿಂದ ಹೊರಟವು ದ್ವೀಪಕ್ಕೂ ದಡಕ್ಕೂ ನಡುವಿನ ಕಿರಿದಾದ ನೀರಿನಲ್ಲಿ ಹೋಗುತ್ತವೆ. ಎರಡೂ ಕಡೆ ಕಾಡು, ನೀರು ಕೆರೆಯ ಹಾಗೆ. ಅಮ್ಮನಿಗೆ ತಲೆಸುತ್ತಿನ ಮಾತ್ರೆ ಬೇಕಾಗಲೇ ಇಲ್ಲ.

ದೊಡ್ಡ ಹಡಗಿನಲ್ಲಿ ನೂಕುನುಗ್ಗಲು ಅಂತ ನಿಮಗೆ ಯಾರೋ ಹೇಳಿದ್ದಾರಲ್ಲ, ಅದು ಅರ್ಧ ಸತ್ಯ. ಹಡಗಿನ ಒಟ್ಟು ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ ನೋಡಿ. ಇಲ್ಲಿ ಟನ್ನೇಜ್ ಅಂದರೆ ತೂಕವಲ್ಲ, ಒಳಗಿನ ಜಾಗದ ಅಳತೆ. ಮಯಾಮಿಯಿಂದ ಹೊರಡುವ ಐಕಾನ್ ಆಫ್ ದಿ ಸೀಸ್ 2,48,663 ಟನ್, ಒಂದು ಕ್ಯಾಬಿನ್ನಿಗೆ ಇಬ್ಬರ ಲೆಕ್ಕದಲ್ಲಿ 5,610 ಜನ. ಭಾಗಿಸಿದರೆ ತಲಾ 44. ಅಲಾಸ್ಕಾಗೆ ಹೋಗುವ ಝಾಂಡಾಮ್ ಹಡಗು ಸುಮಾರು 61,400 ಟನ್, 1,432 ಜನ. ತಲಾ 43. ಏನು ವ್ಯತ್ಯಾಸ ಬಂತು? ಹಡಗಿನೊಳಗೆ ಜಾಗ ಹೆಚ್ಚು ಕಡಿಮೆ ಅಷ್ಟೇ. ತೊಂದರೆ ಕಾಣುವುದು ಊರಲ್ಲಿ. ಸ್ಕಾಗ್ವೇಯಲ್ಲಿ ವಾಸವಿರುವವರು ಸಾವಿರದ ಚಿಲ್ಲರೆ ಜನ. ಅಲ್ಲಿಗೆ ನಾಲ್ಕು ಸಾವಿರದ ಹಡಗುಗಳು ಎರಡು ಮೂರು ಬಂದರೆ ಹೇಗಿರುತ್ತದೆ ಯೋಚಿಸಿ. ಜೂನೋದವರು ತಡೆಯಲಾರದೆ 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಸಾಕು ಅಂತ ಮಿತಿ ಹಾಕಿಕೊಂಡಿದ್ದಾರೆ. ಹಾಗಾಗಿ ನಿಮ್ಮ ಹಡಗು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಆ ದಿನ ಆ ಬಂದರಿನಲ್ಲಿ ಇನ್ನೆಷ್ಟು ಹಡಗು ನಿಲ್ಲುತ್ತವೆ ಅಂತ ನೋಡಿ. ವೇಳಾಪಟ್ಟಿ ಮೊದಲೇ ಸಿಗುತ್ತದೆ.

ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿ ಇರುವ ಮಾರ್ಗವನ್ನೇ ಹಿಡಿಯಿರಿ. ಇದರಲ್ಲಿ ನನ್ನದು ಹಠ. ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಪ್ರವೇಶ, ಎಲ್ಲಾ ಕಂಪನಿಗಳಿಗೂ ಪರವಾನಗಿ ಇಲ್ಲ. ಬೆಳಿಗ್ಗೆ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹಡಗನ್ನು ಹತ್ತಿ ಮೈಕ್‌ನಲ್ಲಿ ವಿವರಿಸುತ್ತಾ ಬರುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಬಂದಾಗ ಅಲ್ಲಿ ಕೊಲ್ಲಿಯೇ ಇರಲಿಲ್ಲ ಅನ್ನಬೇಕು, ಬಾಯಿಯ ತನಕ ಹಿಮನದಿ ತುಂಬಿತ್ತು. ಈಗ ಹಿಮನದಿ ನೋಡಲು ನೂರು ಕಿಲೋಮೀಟರ್‌ನಷ್ಟು ಒಳಗೆ ಹೋಗಬೇಕು. ಅಪ್ಪ ಡೆಕ್ಕಿನ ಕುರ್ಚಿ ಬಿಟ್ಟು ಏಳಲಿಲ್ಲ. ಮರುದಿನವೋ ಅದರ ಮರುದಿನವೋ ಕೆಚಿಕನ್‌ನಲ್ಲಿ ಜೋರು ಮಳೆ. "ಮಲೆನಾಡಿನ ಸಾಗರದಿಂದ ಬಂದವ್ರಿಗೆ ದುಡ್ಡು ತಗೊಂಡು ಮಳೆ ತೋರಿಸ್ತಾರಲ್ಲ" ಅಂತ ಅಮ್ಮ ನಕ್ಕಿದ್ದೇ ನಕ್ಕಿದ್ದು. ವರ್ಷಕ್ಕೆ ನೂರೈವತ್ತು ಇಂಚು ಸುರಿಯುವ ಊರಂತೆ. ಅಮ್ಮ "ಅಷ್ಟೇನಾ" ಅಂದರು.

ಆಮೇಲೆ ನಾನೂ ಗಂಡನೂ ಸಣ್ಣ ಹಡಗಿನಲ್ಲೂ ಹೋದೆವು, ಜೂನೋದಿಂದ. ನಮಗೆ ಅದು ತುಂಬ ಇಷ್ಟವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಹೆತ್ತವರನ್ನು ಕರೆದುಕೊಂಡು ಹೋಗುವವರಿಗೆ ಹೇಳುವುದು ಬೇರೆ. ನಾವು ಹೋದದ್ದರಲ್ಲಿ ಲಿಫ್ಟ್ ಇರಲಿಲ್ಲ. ಮೆಟ್ಟಿಲು ಕಡಿದು. ಅದರ ಗಮ್ಮತ್ತೆಲ್ಲ ರಬ್ಬರ್ ದೋಣಿಗೆ ಇಳಿಯುವುದು, ಕಯಾಕ್ ಹೊಡೆಯುವುದು, ಒದ್ದೆ ಕಾಡಿನಲ್ಲಿ ಬೂಟು ಹಾಕಿಕೊಂಡು ನಡೆಯುವುದು. ಮಂಡಿ ನೋವಿರುವವರು ಆ ದುಡ್ಡು ಕೊಟ್ಟು ಕಿಟಕಿ ಪಕ್ಕ ಕೂರಬೇಕಾಗುತ್ತದೆ. ದುಡ್ಡೂ ದೊಡ್ಡ ಹಡಗಿನ ಹಲವು ಪಟ್ಟು. ವೈದ್ಯರ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು ಮೂರು ದಿನಕ್ಕಿಂತ ಉದ್ದದ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಡಾಕ್ಟರ್ ಇರಲೇಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಅರವತ್ತು ಜನರ ಹಡಗಿಗೆ ಆ ಕಟ್ಟು ಇಲ್ಲ. ನಮ್ಮದರಲ್ಲಿ ಪ್ರಥಮ ಚಿಕಿತ್ಸೆ ಕಲಿತವರಿದ್ದರು, ಡಾಕ್ಟರ್ ಇರಲಿಲ್ಲ. ಇನ್ನು ಸಣ್ಣ ಹಡಗಿನಲ್ಲಿ ತಿಮಿಂಗಿಲ ಹತ್ತಿರ ಕಾಣುತ್ತದೆ ಅನ್ನುತ್ತಾರೆ. ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದಿಂದ ನೂರು ಗಜ ದೂರ ಇರಬೇಕು ಅನ್ನುವ ನಿಯಮ ಹಡಗು ದೊಡ್ಡದಾದರೂ ಸಣ್ಣದಾದರೂ ಒಂದೇ. ಸಣ್ಣದರಲ್ಲಿ ನೀವು ನೀರಿನ ಮಟ್ಟಕ್ಕೆ ಹತ್ತಿರ ಇರುತ್ತೀರಿ, ಕ್ಯಾಪ್ಟನ್ ಹಡಗು ನಿಲ್ಲಿಸಿ ಕಾಯುತ್ತಾನೆ. ಲಾಭ ಅದು.

ಹಾಗಾಗಿ ನಿಮಗೆ ನಾನು ಹೇಳುವುದು, ಆ ಎರಡನ್ನೂ ಬಿಡಿ. ಕೆನಡಾ ವೀಸಾ ಆಗುತ್ತದೆ ಅಂದರೆ ವ್ಯಾಂಕೂವರ್‌ನಿಂದ ಮಧ್ಯಮ ಹಡಗು. ನಿಮಗೆ ಗ್ರೀನ್ ಕಾರ್ಡ್ ಇದ್ದರೆ ನಿಮಗೆ ವೀಸಾ ಬೇಡ, ಕಾರ್ಡೂ ಪಾಸ್‌ಪೋರ್ಟೂ ಸಾಕು. ಆ ಧೈರ್ಯದಲ್ಲಿ ಅಪ್ಪ ಅಮ್ಮನದನ್ನು ಮರೆಯಬೇಡಿ. ವೀಸಾ ಆಗುವುದಿಲ್ಲ ಅಂದರೆ ಸಿಯಾಟಲ್‌ನ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮ್‌ನಿಂದ ಅಲಾಸ್ಕಾ ಸರ್ಕಾರದ ಫೆರಿ ಇದೆ. ಮಲಗುವ ಕ್ಯಾಬಿನ್ ಸಿಗುತ್ತದೆ, ಒಂದೂವರೆ ದಿನದಲ್ಲಿ ಕೆಚಿಕನ್, ಕೆನಡಾದ ಬಂದರಿನಲ್ಲಿ ನಿಲ್ಲುವುದಿಲ್ಲ, ದಾರಿಯ ನೋಟ ಕ್ರೂಸ್‌ನದೇ. ಆಟ, ಬಫೆ ಏನೂ ಇಲ್ಲ. ಅದು ಬೇಡ, ನಮ್ಮಪ್ಪನ ಹಾಗೆ ದೊಡ್ಡ ಹಡಗೇ ಬೇಕು ಅಂದರೆ ಅಲಾಸ್ಕಾ ಬಿಟ್ಟು ಹವಾಯಿಗೆ ಹೋಗಿ. ಪ್ರೈಡ್ ಆಫ್ ಅಮೆರಿಕ ಅಂತ ಎರಡು ಸಾವಿರ ಜನರ ಹಡಗು ಹೊನೊಲುಲುವಿನಿಂದ ಹೊರಟು ದ್ವೀಪಗಳನ್ನಷ್ಟೇ ಸುತ್ತುತ್ತದೆ. ಅದರ ಧ್ವಜ ಅಮೆರಿಕದ್ದು, ವಿದೇಶಿ ಬಂದರು ಇಲ್ಲ.

ಊಟದ ಬಗ್ಗೆ ಕೇಳಿದ್ದಿರಿ. ಮಧ್ಯಮ, ದೊಡ್ಡ ಹಡಗುಗಳಲ್ಲಿ ಬುಕ್ ಮಾಡುವಾಗಲೇ ಇಂಡಿಯನ್ ವೆಜಿಟೇರಿಯನ್ ಅಂತ ಬರೆಸಿ. ಹತ್ತಿದ ಮೊದಲ ರಾತ್ರಿ ಡೈನಿಂಗ್ ರೂಮಿನ ಮುಖ್ಯಸ್ಥರನ್ನು ಕಂಡು ಮತ್ತೆ ಹೇಳಿ. ನಮಗೆ ದಿನಾ ಸಂಜೆ ಮರುದಿನಕ್ಕೆ ಏನು ಬೇಕು ಅಂತ ಕೇಳಿ ಮಾಡಿಸಿ ಕೊಟ್ಟರು. ರೈಸ್ ಕುಕ್ಕರ್ ಮಾತ್ರ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಬಿಸಿ ಮಾಡುವ ಉಪಕರಣಗಳನ್ನೆಲ್ಲ ಹತ್ತುವಾಗಲೇ ತೆಗೆದಿಡುತ್ತಾರೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಅಂಗಡಿಯ ಸೀಲ್ ಇರುವ ಪ್ಯಾಕೆಟ್ ಆದರೆ ತೊಂದರೆ ಇಲ್ಲ. ಬಫೆಯಲ್ಲಿ ಬಿಳಿ ಅನ್ನವೂ ಸಪ್ಪೆ ಮೊಸರೂ ನಮಗೆ ದಿನಾ ಸಿಕ್ಕವು. ಅಪ್ಪ ಮೂರನೇ ದಿನದಿಂದ ಮೆನು ಕಾರ್ಡ್ ತೆರೆಯುವುದನ್ನೇ ಬಿಟ್ಟರು.