ಫಿಲೆಟ್ ವೆಲ್ಡ್ 6 ಎಂಎಂ ಇದೆಯೋ ಇಲ್ಲವೋ ಎಂದು ಅಳೆದು ನೋಡುವುದು ಹೇಗೆ?

ಹುಮನಾಬಾದಿನ ದಾಲ್ ಮಿಲ್ಲಿನಲ್ಲಿ ಹಾಪರ್ ಕೂರಿಸುತ್ತಿದ್ದೀರಿ. ಹಾಪರಿನ (ಕಾಳು ತುಂಬುವ ಓರೆ ಗೋಡೆಯ ತೊಟ್ಟಿ) ಕಾಲಿನಡಿಯ 12 ಎಂಎಂ ಬೇಸ್ ಪ್ಲೇಟಿನ ಮೇಲೆ 8 ಎಂಎಂ ಗಸೆಟ್, ಅಂದರೆ ಆಸರೆಯ ತಗಡು, ನಿಲ್ಲಿಸಿ ಎರಡೂ ಬದಿಗೆ 6 ಎಂಎಂ ಫಿಲೆಟ್, ಅಂದರೆ ಪ್ಲೇಟುಗಳು ಕೂಡುವ ಮೂಲೆಯಲ್ಲಿ ತುಂಬುವ ತ್ರಿಕೋನಾಕಾರದ ವೆಲ್ಡ್, ಹಾಕಬೇಕೆಂದು ಡ್ರಾಯಿಂಗಿನಲ್ಲಿದೆ. ವೆಲ್ಡರ್ ಮಾತ್ರ "ಎಂಟ್ ಎಂಎಂ ಹಾಕೀನ್ರಿ ಸರ, ಇನ್ನಾ ಗಟ್ಟಿ ಆಗ್ಯದ" ಎನ್ನುತ್ತಿದ್ದಾನೆ. ಅವನ ಮಾತು ನಿಜವೇ, ಅಳೆಯುವುದು ಹೇಗೆ, ಕಡಿಮೆ ಬಿದ್ದ ಕಡೆ ಏನು ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಫ್ಯಾಬ್ರಿಕೇಶನ್ ಕೆಲಸದ ಮೇಲ್ವಿಚಾರಣೆ ನನ್ನ ವೃತ್ತಿಯಾದ್ದರಿಂದ, ದಿನವೂ ನೋಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಐಎಸ್ 800:2007 ಸಂಹಿತೆಯ ಪ್ರಕಾರ 6 ಎಂಎಂ ಎಂದರೆ ಲೆಗ್‌ನ ಉದ್ದ, ಅಂದರೆ ಎರಡು ಪ್ಲೇಟುಗಳು ಕೂಡುವ ಮೂಲೆಯಿಂದ ವೆಲ್ಡಿನ ಅಂಚಿನವರೆಗೆ ಪ್ಲೇಟಿನ ಮೇಲ್ಮೈಗುಂಟ ಇರುವ ಅಳತೆ. ಆದರೆ ಭಾರ ಹೊರುವುದು ಲೆಗ್ ಅಲ್ಲ, ಥ್ರೋಟ್: ಮೂಲೆಯಿಂದ ವೆಲ್ಡಿನ ಮುಖಕ್ಕೆ ಅತಿ ಹತ್ತಿರದ ದೂರ. ಪ್ಲೇಟುಗಳ ನಡುವಿನ ಕೋನ 60ರಿಂದ 90 ಡಿಗ್ರಿಯೊಳಗಿದ್ದರೆ ಥ್ರೋಟನ್ನು ಲೆಗ್‌ನ 0.7 ಪಾಲು ಎಂದು ಹಿಡಿಯುತ್ತಾರೆ, ಆದ್ದರಿಂದ 6 ಎಂಎಂ ವೆಲ್ಡಿನ ಥ್ರೋಟ್ 4.2 ಎಂಎಂ. ಕೋನ ಅಗಲವಾದಷ್ಟೂ ಈ ಪಾಲು ಇಳಿಯುತ್ತದೆ. 120 ಡಿಗ್ರಿಗೆ ಅದು 0.5 ಮಾತ್ರ. ಹಾಪರಿನ ಓರೆ ಗೋಡೆ ಸೇರುವ ಜಾಗದಲ್ಲಿ ಇದು ನಿಮಗೆ ಎದುರಾಗುತ್ತದೆ, ಅಲ್ಲಿಗೆ ಗಸೆಟ್ಟಿನ ಲೆಕ್ಕ ನಡೆಯುವುದಿಲ್ಲ.

ಅಳೆಯುವ ಮೊದಲು ಸ್ಲ್ಯಾಗನ್ನು (ವೆಲ್ಡಿನ ಮೇಲೆ ಗಟ್ಟಿಯಾಗುವ ಕಿಟ್ಟ) ಪೂರ್ತಿ ಕೆರೆದು ವೈರ್ ಬ್ರಷ್ ಹೊಡೆಸಿ, ಏಕೆಂದರೆ ಅಂಚಿನಲ್ಲಿ ಉಳಿದ ಸ್ಲ್ಯಾಗ್ ಒಂದು ಎಂಎಂ ಸುಳ್ಳು ಹೇಳಬಲ್ಲದು. ಎಲೆಯಾಕಾರದ ಫಿಲೆಟ್ ಗೇಜಿನ ಸೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪ್ರತಿ ಅಳತೆಗೆ ಅದರಲ್ಲಿ ಎರಡು ಬಗೆಯ ತುದಿಗಳಿರುತ್ತವೆ, ಒಂದು ಲೆಗ್ ನೋಡುವುದಕ್ಕೆ, ಮಧ್ಯದಲ್ಲಿ ಮೊನೆಯಿರುವ ಇನ್ನೊಂದು ಥ್ರೋಟ್ ನೋಡುವುದಕ್ಕೆ. ಲೆಗ್ ಅಳೆಯುವಾಗ ಎರಡನ್ನೂ ಅಳೆದು ಚಿಕ್ಕದನ್ನೇ ಸೈಜ್ ಎಂದು ಬರೆದುಕೊಳ್ಳಿ. ಬೇಸ್ ಪ್ಲೇಟ್ ನೆಲಮಟ್ಟಕ್ಕಿದ್ದಾಗ ಕರಗಿದ ಲೋಹ ಕೆಳಕ್ಕೆ ಜಾರುವುದರಿಂದ ಕೆಳಗಿನ ಲೆಗ್ 9, ಗಸೆಟ್ ಮೇಲಿನದು 5 ಆಗಿರುವುದು ತೀರಾ ಸಾಮಾನ್ಯ. ಮೇಲಿನಿಂದ ನೋಡಿದವನಿಗೆ ಅದು ಭಾರಿ ವೆಲ್ಡ್, ಲೆಕ್ಕದಲ್ಲಿ ಮಾತ್ರ 5 ಎಂಎಂ. ನಿಮ್ಮ ವೆಲ್ಡರ್ ಹೇಳುವ ಎಂಟು ಯಾವ ಲೆಗ್ಗಿನದು ಎಂದು ಮೊದಲು ನೋಡಿ.

ಮುಖ ಉಬ್ಬಿದ ವೆಲ್ಡಿಗೆ ಲೆಗ್ ಅಳತೆ ಸಾಕು. ಒಳಕ್ಕೆ ತಗ್ಗಿದ ವೆಲ್ಡಿಗೆ ಸಾಲದು: ಎರಡೂ ಲೆಗ್ 6 ಇದ್ದು ಥ್ರೋಟ್ 3.2 ಮಾತ್ರ ಇದ್ದರೆ, 3.2ನ್ನು 0.7ರಿಂದ ಭಾಗಿಸಿದಾಗ ಬರುವ ಸುಮಾರು 4.6 ಎಂಎಂ ಅದರ ನಿಜವಾದ ಸೈಜ್. ಗೇಜ್ ಕೈಗೆ ಸಿಗದಿದ್ದರೆ ತೆಳು ಜಿಐ ಶೀಟಿನ ನೇರ ಮೂಲೆಯೊಂದನ್ನು ತೆಗೆದುಕೊಂಡು, ಎರಡೂ ಅಂಚಿನಲ್ಲಿ ಮೂಲೆಯಿಂದ 6 ಎಂಎಂಗೆ ಗುರುತು ಹಾಕಿ, ಆ ಗುರುತುಗಳನ್ನು ಸೇರಿಸುವ ಗೆರೆಯಲ್ಲಿ ಮೂಲೆಯನ್ನು ಕತ್ತರಿಸಿ ಅರದಿಂದ (ಫೈಲ್) ನಯಮಾಡಿ. ಈ ತುಂಡನ್ನು ವೆಲ್ಡಿನ ಮೇಲಿಟ್ಟು ಹಿಂದೆ ಟಾರ್ಚ್ ಹಿಡಿದಾಗ, ಎರಡೂ ಅಂಚು ಪ್ಲೇಟುಗಳಿಗೆ ತಾಗಿ ಕೂತು ಕತ್ತರಿಸಿದ ಗೆರೆಯ ಕೆಳಗೆ ಬೆಳಕು ಕಂಡರೆ ಥ್ರೋಟ್ ಕಡಿಮೆ. ಕತ್ತರಿಸಿದ ಗೆರೆಯ ನಡುಭಾಗ ವೆಲ್ಡಿನ ಮೇಲೆಯೇ ನಿಂತು ಅಂಚುಗಳು ಪ್ಲೇಟಿಗೆ ತಾಗದಿದ್ದರೆ ಥ್ರೋಟ್ ಸಾಕಷ್ಟಿದೆ. ಆಗಲೂ ಲೆಗ್ ಬೇರೆಯಾಗಿ ನೋಡಲೇಬೇಕು.

ಈ ಯಾವ ವೆಲ್ಡ್ ಗೇಜಿಗೂ ಕಾಣದ ದೋಷವೊಂದಿದೆ, ಅದು ಪ್ಲೇಟುಗಳ ನಡುವಿನ ಸಂದು. ಗ್ಯಾಸ್ ಕಟಿಂಗ್ ಮಾಡಿದ ಗಸೆಟ್ಟಿನ ಅಂಚು ಡೊಂಕಾಗಿದ್ದು ಕೆಳಗೆ 2 ಎಂಎಂ ಸಂದು ಉಳಿದಿದ್ದರೆ, ಗಸೆಟ್ ಮೇಲೆ ನೀವು ಅಳೆಯುವ 6ರಲ್ಲಿ 2 ಎಂಎಂ ಆ ಸಂದಿಗೇ ಹೋಗಿರುತ್ತದೆ. ಅಮೆರಿಕದ ಎಡಬ್ಲ್ಯೂಎಸ್ ಡಿ1.1 ಸಂಹಿತೆ ಸಂದು 1.6 ಎಂಎಂ ದಾಟಿದರೆ ಅಷ್ಟನ್ನೂ ಲೆಗ್ಗಿಗೆ ಕೂಡಿಸಿ ವೆಲ್ಡ್ ಮಾಡಲು ಹೇಳುತ್ತದೆ. ವೆಲ್ಡ್ ಬಿದ್ದ ಮೇಲೆ ಇದನ್ನು ಪತ್ತೆಮಾಡಲು ಸುಲಭದ ದಾರಿಯಿಲ್ಲದ ಕಾರಣ, ಹಾಪರಿನ ಉಳಿದ ಕಾಲುಗಳ ಗಸೆಟ್ಟಿಗೆ ಟ್ಯಾಕ್ (ಹಿಡಿದು ನಿಲ್ಲಿಸುವ ಚಿಕ್ಕ ವೆಲ್ಡ್) ಹಾಕಿದ ಕೂಡಲೇ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿ, ತೂರಿಸಿ ನೋಡಿ. ನನ್ನನ್ನು ಕೇಳಿದರೆ, ವೆಲ್ಡ್ ಆದ ನಂತರದ ತಪಾಸಣೆಗಿಂತ ಇದೇ ಹೆಚ್ಚು ಬೆಲೆಯುಳ್ಳದ್ದು.

ಇನ್ನು 6 ಎಂಎಂ ಸಾಕೇ ಎಂಬ ವಿಷಯ. ಎರಡರಲ್ಲಿ ಹೆಚ್ಚು ದಪ್ಪನೆಯ ಪ್ಲೇಟ್ 10ರಿಂದ 20 ಎಂಎಂ ಇದ್ದರೆ ಕನಿಷ್ಠ ಸೈಜ್ 5 ಎಂಎಂ ಎಂದು ಐಎಸ್ 800 ಹೇಳುತ್ತದೆ. ದಪ್ಪ ಲೋಹ ಕಾವನ್ನು ಬೇಗ ಎಳೆದುಕೊಳ್ಳುವುದರಿಂದ ತೀರ ಚಿಕ್ಕ ರನ್ (ಒಂದು ಸಲಕ್ಕೆ ಎಳೆದ ವೆಲ್ಡ್) ಥಟ್ಟನೆ ಆರಿ ಬಿರಿಯಬಹುದೆಂಬುದೇ ಕಾರಣ. ಬಲದ ದೃಷ್ಟಿಯಿಂದ 200 ಎಂಎಂ ಉದ್ದದ ಗಸೆಟ್ ಎಂದುಕೊಳ್ಳೋಣ. ಎರಡು ತುದಿಗಳಿಗೆ ಸೈಜಿನ ಎರಡರಷ್ಟು ಕಳೆದರೆ ಲೆಕ್ಕಕ್ಕೆ 188 ಎಂಎಂ ಸಿಗುತ್ತದೆ. ಚದರ ಎಂಎಂಗೆ 410 ನ್ಯೂಟನ್ ಬಲದ ಸಾಮಾನ್ಯ ಉಕ್ಕಿಗೆ ಸೈಟ್ ವೆಲ್ಡಿಂಗಿನಲ್ಲಿ ಥ್ರೋಟಿನ ಚದರ ಎಂಎಂಗೆ ಸುಮಾರು 158 ನ್ಯೂಟನ್ ಹಿಡಿಯುವುದರಿಂದ, ಒಂದು ಬದಿಗೆ ಸುಮಾರು 125 ಕಿಲೋನ್ಯೂಟನ್, ಎರಡೂ ಬದಿ ಸೇರಿ 25 ಟನ್ನಿನಷ್ಟಾಯಿತು. ಇದು ವೆಲ್ಡಿನ ಗುಂಟ ಬರುವ ನೇರ ಭಾರಕ್ಕೆ ಮಾತ್ರ. ಪಕ್ಕಕ್ಕೆ ತಳ್ಳುವ ಬಲ ಮತ್ತು ಬಾಗುವಿಕೆಯನ್ನು ಡ್ರಾಯಿಂಗ್ ಮಾಡಿದ ಎಂಜಿನಿಯರರೇ ಬೇರೆಯಾಗಿ ನೋಡಬೇಕು.

ವೆಲ್ಡರ್ ನಿಜವಾಗಿಯೂ 8 ಹಾಕಿದ್ದರೂ ಅದು ಲಾಭವಲ್ಲ. ಲೋಹದ ಪ್ರಮಾಣ ಸೈಜಿನ ವರ್ಗದಂತೆ ಏರುವುದರಿಂದ 6ರ ಬದಲು 8 ಎಂದರೆ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚುವರಿ ರಾಡು ಸುಟ್ಟಂತೆ, ಜೊತೆಗೆ ಬೇಸ್ ಪ್ಲೇಟಿನ ಅಂಚು ಮೇಲಕ್ಕೆದ್ದು ಆಂಕರ್ ಬೋಲ್ಟ್ ಸರಿಯಾಗಿ ಕೂರದೆ ಹೋಗಬಹುದು.

ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಯ ಕೆಲಸ ಹಿಡಿಯುವವರು ಗಮನಿಸಬೇಕಾದ ಇನ್ನೊಂದು ಮಾತು: ಯುರೋಪಿನ ಪದ್ಧತಿಯ ಡ್ರಾಯಿಂಗಿನಲ್ಲಿ ಅಂಕಿಯ ಮುಂದೆ 'ಎ' ಇದ್ದರೆ ಅದು ಥ್ರೋಟ್, 'ಝಡ್' ಇದ್ದರೆ ಲೆಗ್. 'ಎ 5' ಎಂಬುದಕ್ಕೆ 7 ಎಂಎಂ ಲೆಗ್ ಬೇಕು.

ಕಡಿಮೆ ಬಿದ್ದ ಜಾಗವನ್ನು ಕಿತ್ತು ತೆಗೆಯಬೇಕಾಗಿಲ್ಲ. ಬಿರುಕು ಅಥವಾ ರಂಧ್ರ ಇಲ್ಲವೆಂದು ಖಚಿತಪಡಿಸಿಕೊಂಡು, ಚೆನ್ನಾಗಿ ಶುಚಿ ಮಾಡಿ, ಗಿಡ್ಡ ಲೆಗ್ ಇರುವ ಬದಿಗೆ ಒತ್ತುಕೊಟ್ಟು ಕಡಿಮೆ ಬಿದ್ದಷ್ಟು ಉದ್ದಕ್ಕೂ ಮತ್ತೊಂದು ರನ್ ಹಾಕಿಸಿ. ಬಿರುಕು ಅಥವಾ ರಂಧ್ರ ಇದ್ದರೆ ಮಾತ್ರ ಗ್ರೈಂಡರಿನಿಂದ ಅದು ಪೂರ್ತಿ ಹೋಗುವವರೆಗೆ ಕೆರೆಸಿ ಹೊಸದಾಗಿ ತುಂಬಿಸಬೇಕು. ಗಸೆಟ್ಟಿನ ತುದಿಗಳಲ್ಲಿ ವೆಲ್ಡರ್ ವೆಲ್ಡನ್ನು ಮೂಲೆ ಸುತ್ತಿಸಿ ಒಯ್ದಿದ್ದಾನೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ.